ಎರಡು ಮಡಿಕೆಯ ಲಂಗ

ಮಗಳು ಎಷ್ಟೆತ್ತರ ಇದ್ದಾಳೆ ಎಂದು ಯಾರಾದರೂ ಕೇಳಿದರೆ ನನ್ನ ಗಂಡ ಅಂಗಿಯ ಜೇಬಿಗಿಂತ ಒಂದು ಗೇಣು ಕೆಳಗೆ ಅಂಗೈಯನ್ನು ಅಡ್ಡ ಹಿಡಿದು, “ಇಷ್ಟು” ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾನು ಕೇಳಿದಾಗಲೂ ಕೈ ಅಲ್ಲೇ ಇತ್ತು. ತಿಂಗಳುಗಳು ಕಳೆದು ಮತ್ತೆ ಯಾರೋ ಕೇಳಿದಾಗಲೂ ಅಲ್ಲೇ ಇತ್ತು. ನನಗೆ ತಡೆಯಲಾಗಲಿಲ್ಲ. ನಾನು ಬಟ್ಟೆ ಹೊಲಿಯುವವಳು. ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹೆಂಗಸರ, ಮಕ್ಕಳ ಬಟ್ಟೆ ಹೊಲಿಯುವ ಅಂಗಡಿ ನನ್ನದು. ಮಕ್ಕಳು ಒಂದು ಅಳತೆಯಲ್ಲಿ ನಿಲ್ಲುವುದಿಲ್ಲ ಎಂಬ ಕಾರಣಕ್ಕೇ ನನ್ನ ಅಂಗಡಿ ನಡೆಯುತ್ತಿದೆ.

“ರೀ, ಆ ಕೈ ಸ್ವಲ್ಪ ಮೇಲೆ ಹೋಗ್ಲಿ. ಹುಡುಗಿ ಬೆಳ್ದಿರಲ್ವಾ?” ಎಂದೆ.

ಅವರು ತಮ್ಮ ಕೈಯನ್ನೇ ನೋಡಿಕೊಂಡು ಎರಡು ಬೆರಳಿನಷ್ಟು ಮೇಲಕ್ಕೆತ್ತಿದರು. ಆಮೇಲೆ ಮತ್ತೆ ಇಳಿಸಿದರು. “ಗೊತ್ತಾಗಲ್ಲ ಮಾರಾಯ್ತಿ. ಹೋಗೋವಾಗ ಅವಳ ತಲೆ ಇಲ್ಲಿಗೆ ಬರ್ತಿತ್ತು” ಎಂದರು. ಐದು ವರ್ಷದ ಹುಡುಗಿಯನ್ನು ವಿಮಾನ ಹತ್ತಿಸುವಾಗ ಅಪ್ಪಿಕೊಂಡ ಎತ್ತರ ಅದು. ಆಮೇಲೆ ಅವಳನ್ನು ಅವರು ಫೋನಿನಲ್ಲಿ ಮಾತ್ರ ನೋಡಿದ್ದಾರೆ. ಫೋನಿನಲ್ಲಿ ಮನುಷ್ಯರಿಗೆ ಮುಖ ಇರುತ್ತದೆ, ಎತ್ತರ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. ನನ್ನ ಗಂಡನ ಊರು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆ ಕಡೆ. ಹೊಸನಗರದಲ್ಲಿ ಅವರದು ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ. ಅವರ ಮೊದಲ ಹೆಂಡತಿ ನರ್ಸು. ನ್ಯೂಜಿಲೆಂಡಿನಲ್ಲಿ ಕೆಲಸ ಸಿಕ್ಕಿತು, ಆಕೆ ಹೋಗಬೇಕೆಂದರು, ಇವರು ಬರುವುದಿಲ್ಲವೆಂದರು. ಅದಕ್ಕೂ ಮುಂಚೆಯೇ ಇಬ್ಬರಿಗೂ ಹೊಂದಿಕೆ ತಪ್ಪಿತ್ತಂತೆ. ಜಗಳ ಕದನ ಇಲ್ಲದೆ ಬೇರೆಯಾದರು, ಮಗಳು ಅಮ್ಮನ ಜೊತೆ ಹೋದಳು. ಇದಾಗಿ ಮೂರು ವರ್ಷಕ್ಕೆ ಇವರು ನನ್ನ ಅಂಗಡಿಗೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದರು. ನಾನು ಗಂಡಸರ ಬಟ್ಟೆ ಮುಟ್ಟುವುದಿಲ್ಲ ಎಂದು ಗದರಿಸಿ ಕಳಿಸಿದೆ. ಮಾರನೇ ವಾರ ಮತ್ತೆ ಅದೇ ಪ್ಯಾಂಟು ಹಿಡಿದುಕೊಂಡು ಬಂದರು. ನಲವತ್ತು ದಾಟಿದ ಮೇಲೆ ನಾನು ಮದುವೆಯಾಗುತ್ತೇನೆಂದು ಸಾಗರದ ಹತ್ತಿರದ ನನ್ನ ತವರಿನಲ್ಲಿ ಯಾರೂ ಎಣಿಸಿರಲಿಲ್ಲ. ನಾನಂತೂ ಎಣಿಸಿರಲೇ ಇಲ್ಲ.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಅಪ್ಪ ಮಗಳಿಗೆ ವಿಡಿಯೊ ಕಾಲ್. ಅಲ್ಲಿ ಆಗ ಮಧ್ಯಾಹ್ನ ಕಳೆದಿರುತ್ತದೆ. ಮದುವೆಗೆ ಮೊದಲು ಆ ಮಾತುಕತೆ ಗಂಟೆಗಟ್ಟಲೆ ನಡೆಯುತ್ತಿತ್ತಂತೆ. ಮೋಟಾರಿನ ತಾಮ್ರದ ತಂತಿಯನ್ನು ಸುರುಳಿ ಸುತ್ತುತ್ತಾ ಇವರು, ಚಿತ್ರ ಬರೆಯುತ್ತಾ ಅವಳು. ನಾನು ಬಂದ ಮೇಲೆ ಹಾಗಾಗಲಿಲ್ಲ. ಚಹಾ ಲೋಟ ಹಿಡಿದು ನಾನು ಆ ಕಡೆ ಸುಳಿದರೆ ಸಾಕು, ಹುಡುಗಿ, “ನಮಸ್ತೆ ಆಂಟಿ” ಎಂದು ಕಂಠಪಾಠ ಒಪ್ಪಿಸಿದಂತೆ ಹೇಳಿ ಪರದೆಯಿಂದ ಮಾಯವಾಗುತ್ತಿದ್ದಳು. ಉಳಿಯುತ್ತಿದ್ದುದು ಅವರ ಮನೆಯ ಸೂರು. ಆ ಸೂರಿನ ಬಿಳಿ ಬಲ್ಬು, ಅದರ ಪಕ್ಕದ ಚಿಕ್ಕ ಬಿರುಕು, ಎಲ್ಲ ನನಗೆ ಬಾಯಿಪಾಠ ಆಗಿತ್ತು. ಸ್ವಲ್ಪ ಹೊತ್ತಿಗೆ, “ಹೋಮ್‌ವರ್ಕ್ ಇದೆ ಅಪ್ಪಾ” ಎಂಬ ದನಿ ಬರುತ್ತಿತ್ತು. ಫೋನು ಕೆಳಗಿಟ್ಟು ಇವರು, “ಮಕ್ಕಳಿಗೂ ಎಷ್ಟು ಓದಿಸ್ತಾರೆ ಅಲ್ಲಿ” ಎನ್ನುತ್ತಿದ್ದರು. ಭಾನುವಾರ ಎಂಥಾ ಓದು ಎಂದು ನಾನು ಕೇಳಲಿಲ್ಲ.

ನನಗೆ ಬೇಜಾರಾಗುತ್ತಿತ್ತು. ಹುಡುಗಿಯ ಮೇಲಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ನಮಸ್ತೆಯನ್ನೂ ಹೇಳುತ್ತಿರಲಿಲ್ಲ. ನಾನು ಈ ಮನೆಗೆ ಬಂದದ್ದರಿಂದ ಅವರ ಭಾನುವಾರ ಗಿಡ್ಡವಾಯಿತಲ್ಲ, ಅದು ನನಗೆ ಸಹಿಸಲಾಗುತ್ತಿರಲಿಲ್ಲ. ಆ ಹುಡುಗಿ ನನ್ನನ್ನು ಕಂಡು ಓಡಬಾರದು, ನಾನು ಅವಳಿಗೆ ಬೇಕಾಗಬೇಕು ಎಂದು ನನಗೆ ಬಹಳ ಆಸೆಯಿತ್ತು. ಆಸೆ ಪಟ್ಟರೆ ಆಗುತ್ತದೆಯೇ? ಅಷ್ಟರಲ್ಲಿ ಅವಳ ಒಂಬತ್ತನೇ ಹುಟ್ಟುಹಬ್ಬ ಹತ್ತಿರ ಬಂತು. ಏನಾದರೂ ಕಳಿಸೋಣ ಎಂದೆ. ಇವರ ಮುಖ ಅರಳಿತು.

ಏನು ಕಳಿಸಬೇಕು ಎಂಬ ಮಾತು ಎದ್ದದ್ದೇ ತಡ, ಎರಡೂ ಕಡೆಯವರು ಸೊಂಟ ಕಟ್ಟಿ ನಿಂತರು. ಇವರ ಅಕ್ಕ, ಅಂದರೆ ನನ್ನ ಅತ್ತಿಗೆ, ಮೇಳಿಗೆಯಿಂದ ಬಸ್ಸಿನಲ್ಲಿ ಜೋನಿ ಬೆಲ್ಲದ ಬಾಟಲಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದರು. ಜೊತೆಗೆ ಒಂದು ಭರಣಿ ಮಾವಿನ ಮಿಡಿ ಉಪ್ಪಿನಕಾಯಿ. “ಚಿಕ್ಕೋಳಿದ್ದಾಗ ದೋಸೆಗೆ ಜೋನಿ ಬೆಲ್ಲ ಇಲ್ದಿದ್ರೆ ಮುಟ್ತಾನೇ ಇರ್ಲಿಲ್ಲ ಮಾರಾಯ್ತಿ” ಎಂದರು. ಸಾಗರದಿಂದ ನನ್ನ ಅವ್ವ ತೊಡೆದೇವು ಕಳಿಸಿದಳು. ಕಾಗದದಷ್ಟು ತೆಳ್ಳಗಿನ ಆ ಸಿಹಿ, ಸಾಗರದಿಂದ ಹೊಸನಗರಕ್ಕೆ ಬರುವಷ್ಟರಲ್ಲೇ ಅರ್ಧ ಪುಡಿಯಾಗಿತ್ತು. ಎಲ್ಲವನ್ನೂ ಹೊತ್ತುಕೊಂಡು ಕೊರಿಯರ್ ಅಂಗಡಿಗೆ ಹೋದೆವು. ಅಲ್ಲಿನ ಹುಡುಗಿ ಭರಣಿಯ ಮುಚ್ಚಳ ತೆಗೆದು ಮೂಸಿ, “ಅಕ್ಕಾ, ಆ ದೇಶಕ್ಕೆ ಹಿಂಗಿದ್ದೆಲ್ಲ ಹೋಗಲ್ಲ. ಅಲ್ಲಿ ಬಿಸಾಡ್ತಾರೆ. ಬಿಸಾಡೋ ಬದ್ಲು ಇಲ್ಲೇ ಯಾರಾದ್ರೂ ತಿನ್ಬೋದಲ್ವಾ?” ಎಂದಳು. ಅವಳ ಕಣ್ಣು ಉಪ್ಪಿನಕಾಯಿಯ ಮೇಲೆಯೇ ಇತ್ತು. ಸ್ವಲ್ಪ ಕೊಟ್ಟು ಬಂದೆವು.

ಇವರು ಗೊಂಬೆ ಕಳಿಸೋಣ ಎಂದರು. ಪೇಟೆಯಿಂದ ತಂದೂ ಬಿಟ್ಟರು. ಕಣ್ಣು ಮುಚ್ಚಿ ತೆರೆಯುವ, ಹೊಟ್ಟೆ ಒತ್ತಿದರೆ ಅಳುವ ಗೊಂಬೆ. ಐದು ವರ್ಷದವಳಿಗೆ ಚೆನ್ನಾಗಿರುತ್ತಿತ್ತು. ನಾನು ಅವರ ಜೇಬಿನ ಕೆಳಗಿನ ಜಾಗವನ್ನು ನೋಡಿದೆ. ಅವರಿಗೆ ಅರ್ಥವಾಯಿತು. ಗೊಂಬೆ ಈಗಲೂ ನಮ್ಮ ಬೀರುವಿನ ಮೇಲೆ ಕೂತಿದೆ, ಧೂಳು ಒರೆಸುವಾಗ ಒಮ್ಮೊಮ್ಮೆ ಅಳುತ್ತದೆ.

ಅವರ ಗೆಳೆಯರೊಬ್ಬರು, “ಅಲ್ಲಿನ ಅಂಗಡಿಯಿಂದ್ಲೇ ಆನ್‌ಲೈನಲ್ಲಿ ತರ್ಸಿ ಕೊಡಿ, ತಲೆಬಿಸಿ ಇಲ್ಲ” ಎಂದು ಉಪದೇಶ ಮಾಡಿದರು. ನನಗೆ ಸರ್ರನೆ ಸಿಟ್ಟು ಬಂತು. ಅಲ್ಲಿ ಸಿಗುವುದನ್ನು ಅಲ್ಲೇ ಕೊಳ್ಳಲು ಅವಳ ಅಮ್ಮ ಇಲ್ಲವೇ? ನಾವು ಕೊಡುವುದು ನಮ್ಮ ಕೈಯಿಂದ ಹೋಗಬೇಕು. “ನಾನೇ ಹೊಲಿತೀನಿ, ಲಂಗ” ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಇದು ಮೊದಲೇ ಯಾಕೆ ಹೊಳೆಯಲಿಲ್ಲ?

ನಮ್ಮ ತವರಿನ ಕಡೆ ಮದುವೆಗೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಗೆರೆಗೆ ಗೆರೆ ಹೆಣೆದು ಬರೆಯುವ ಆ ಚಿತ್ತಾರದಲ್ಲಿ ಅವ್ವನದು ಎತ್ತಿದ ಕೈ. ಅದೇ ಕೆಮ್ಮಣ್ಣಿನ ಬಣ್ಣದ ಹತ್ತಿ ಬಟ್ಟೆಯ ಮೇಲೆ ಬಿಳಿ ನೂಲಿನಲ್ಲಿ ಅಂಚಿಗೆ ಚಿತ್ತಾರ ಹೊಲಿಯುವುದು ಎಂದು ತೀರ್ಮಾನಿಸಿದೆ. ಬಟ್ಟೆ ಸಾಗರದಲ್ಲಿ ಸಿಕ್ಕಿತು. ಚಿತ್ತಾರ ಅವ್ವ ಕಾಗದದ ಮೇಲೆ ಬರೆದುಕೊಟ್ಟಳು. ಅಳತೆ ಮಾತ್ರ ಇರಲಿಲ್ಲ.

“ಅವಳಮ್ಮನ್ನ ಕೇಳಿ” ಎಂದರೆ ಇವರು, “ಹೆಂಗೆ ಕೇಳೋದು? ಸೊಂಟದಳತೆ ಗಿಳತೆ ಅಂತೆಲ್ಲ” ಎಂದು ಕುಂಯ್‌ಗುಟ್ಟಿದರು. ಸರಿ, ನಾನೊಂದು ಉಪಾಯ ಹೂಡಿದೆ. ಭಾನುವಾರ ಮಗಳಿಗೆ ಫ್ರಿಜ್ಜಿನ ಪಕ್ಕ ನಿಲ್ಲಲು ಹೇಳಿಸಿದೆ. ಹುಡುಗಿ ಯಾಕೆ ಏನು ಎಂದು ತಿಳಿಯದೆ ನಿಂತಳು. ಫ್ರಿಜ್ಜಿನ ಮೇಲಿನ ಬಾಗಿಲೂ ಕೆಳಗಿನ ಬಾಗಿಲೂ ಸೇರುವ ಕಡೆಗೆ ಅವಳ ತಲೆ ಬಂತು. ಸೋಮವಾರ ಟೇಪು ಕೊರಳಿಗೆ ಹಾಕಿಕೊಂಡು ಪೇಟೆಯ ಫ್ರಿಜ್ ಅಂಗಡಿಗೆ ಹೋಗಿ ಒಂದೊಂದೇ ಫ್ರಿಜ್ಜನ್ನು ಅಳೆಯತೊಡಗಿದೆ. ಒಂದರದು ಎದೆಯ ಮಟ್ಟಕ್ಕೆ ಸೇರಿದರೆ ಇನ್ನೊಂದರದು ಸೊಂಟದ ಮಟ್ಟಕ್ಕೆ. ಅಂಗಡಿಯವರು ಕುರ್ಚಿ ತರಿಸಿ, ಕಾಫಿ ತರಿಸಿ, “ಮನೇಲಿ ಜಾಗ ಎಷ್ಟಿದೆ ಅಕ್ಕಾ?” ಎಂದು ವಿಚಾರಿಸಿದರು.

“ಜಾಗ ಬೇಕಾದಷ್ಟಿದೆ. ಫ್ರಿಜ್ ಬೇಡ. ನ್ಯೂಜಿಲೆಂಡಲ್ಲಿ ಒಂದು ಹುಡುಗಿ ಇದೆ, ಅದರ ಅಳತೆ ಬೇಕು” ಎಂದೆ.

ಅವರು ಕಾಫಿ ಲೋಟವನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. ಇವತ್ತಿಗೂ ನಾನು ಆ ಅಂಗಡಿಯ ಮುಂದೆ ಹಾದರೆ ಅವರು ಒಳಗಿನಿಂದಲೇ, “ಹುಡುಗಿ ಎಷ್ಟುದ್ದ ಆಯ್ತು ಅಕ್ಕಾ?” ಎಂದು ಕೂಗುತ್ತಾರೆ.

ಕೊನೆಗೆ ಇವರ ಕೈಯಿಂದ ಫೋನು ಕಸಿದುಕೊಂಡು, ಅವಳ ಅಮ್ಮನಿಗೆ ನಾನೇ ಒಂದು ಮೆಸೇಜು ಹಾಕಿದೆ. ಲಂಗ ಹೊಲಿಯಬೇಕೆಂದಿದ್ದೇನೆ, ಅಳತೆ ಬೇಕು, ಬೇಸರವಿಲ್ಲ ತಾನೇ ಎಂದು. ಸಂಜೆಯೊಳಗೆ ಎತ್ತರ, ಸೊಂಟ ಎಲ್ಲ ಬಂತು. ಕೆಳಗೆ ಆಕೆ ಇನ್ನೂ ಒಂದು ಮಾತು ಸೇರಿಸಿದ್ದರು: ಅವಳಿಗೆ ಜೇಬು ಎಂದರೆ ಪ್ರಾಣ, ಸಮುದ್ರದ ದಂಡೆಯ ಕಲ್ಲು ಚಿಪ್ಪುಗಳನ್ನೆಲ್ಲ ತುಂಬಿಕೊಂಡು ಬರುತ್ತಾಳೆ. ಫ್ರಿಜ್ಜುಗಳನ್ನು ಅಳೆದ ನನಗೆ ನನ್ನ ಮೇಲೆಯೇ ನಗು ಬಂತು. ಜೇಬಿನ ವಿಷಯ ಹೇಳಿದ್ದಕ್ಕೆ ಆಕೆಯ ಮೇಲೆ ಅಭಿಮಾನವೂ ಬಂತು. ಎರಡು ದೊಡ್ಡ ಜೇಬು, ಕಲ್ಲಿನ ಭಾರ ತಡೆಯುವಂತೆ ಒಳಗೆ ಎರಡು ಪದರ ಬಟ್ಟೆ ಎಂದು ನಿರ್ಧಾರವಾಯಿತು.

ಬಟ್ಟೆ ಹಾಸಿ ಕತ್ತರಿ ಕೈಗೆತ್ತಿಕೊಂಡಾಗ ನನ್ನ ಕೈ ನಿಂತಿತು. ನಮ್ಮ ಕಡೆ ಮಕ್ಕಳ ಲಂಗಕ್ಕೆ ಒಳಗೆ ಮಡಿಕೆ ಬಿಟ್ಟು ಹೊಲಿಯುತ್ತೇವೆ. ಅಂಚಿನ ಹತ್ತಿರ ಬಟ್ಟೆಯನ್ನು ಒಳಮಗ್ಗುಲಿಗೆ ಮಡಚಿ ಹೊಲಿದುಬಿಟ್ಟರೆ, ಮಗು ಉದ್ದವಾದಂತೆ ಒಂದೊಂದೇ ಮಡಿಕೆ ಬಿಚ್ಚಿ ಲಂಗವನ್ನು ಉದ್ದ ಮಾಡಬಹುದು. ಶಾಲೆ ಶುರುವಾಗುವ ಹೊತ್ತಿಗೆ ನನ್ನ ಅಂಗಡಿಯಲ್ಲಿ ಹೊಸ ಬಟ್ಟೆ ಹೊಲಿಸುವವರಿಗಿಂತ ಮಡಿಕೆ ಬಿಚ್ಚಿಸುವವರೇ ಹೆಚ್ಚು. ಆದರೆ ಇದಕ್ಕೊಂದು ರಿವಾಜಿದೆ. ಮಡಿಕೆ ಬಿಡುವುದು ಮನೆಯ ಮಕ್ಕಳ ಬಟ್ಟೆಗೆ. ನೆಂಟರಿಷ್ಟರ ಮಕ್ಕಳಿಗೆ ಉಡುಗೊರೆ ಹೊಲಿಸಿದರೆ ಅಳತೆಗೆ ಸರಿಯಾಗಿ ಹೊಲಿಸುತ್ತಾರೆ, ಇವತ್ತು ಹಾಕಿಕೊಂಡು ಚಂದ ಕಂಡರೆ ಆಯಿತು. ಮುಂದಿನ ವರ್ಷದ ಯೋಚನೆ ನೆಂಟರಿಗೆ ಸಂಬಂಧಿಸಿದ್ದಲ್ಲ.

ಹಾಗಾದರೆ ಈ ಹುಡುಗಿ ಯಾರು? ನನ್ನನ್ನು ಕಂಡರೆ ಸೂರು ತೋರಿಸುವವಳಿಗೆ ಮಡಿಕೆ ಬಿಡಲು ನಾನು ಯಾರು? ಅವ್ವನಿಗೆ ಫೋನು ಮಾಡಿದೆ. ಅವ್ವ ಯಾವ ಮಾತನ್ನೂ ಸುತ್ತಿ ಬಳಸಿ ಹೇಳುವವಳಲ್ಲ.

“ನೆಂಟ್ರ ಮಗೂನ? ಹಂಗಾದ್ರೆ ಬ್ಯಾಡ. ನಿಮ್ಮನೆ ಮಗು ಹೌದಾದ್ರೆ ಬಿಡು. ಇದ್ರಲ್ಲಿ ನನ್ನೇನು ಕೇಳೋದು?” ಎಂದು ಇಟ್ಟೇಬಿಟ್ಟಳು.

ಮತ್ತೆ ಸಾಗರದ ಬಸ್ಸು ಹತ್ತಿ ಹೆಚ್ಚಿನ ಬಟ್ಟೆ ತಂದೆ. ಎರಡು ಮಡಿಕೆ ಬಿಟ್ಟೆ. ಹೊಗಳಿಕೊಳ್ಳುವುದಲ್ಲ, ಹೊರಗಿನಿಂದ ನೋಡಿದರೆ ಒಳಗೆ ಮಡಿಕೆ ಇದೆಯೆಂದು ಯಾರಿಗೂ ತಿಳಿಯಬಾರದು, ಹಾಗೆ ಹೊಲಿದೆ. ಮಡಿಕೆಯ ಹೊಲಿಗೆ ಚಿತ್ತಾರದ ಗೆರೆಗಳ ನಡುವೆ ಮರೆಯಾಗುವಂತೆ ಕೂರಿಸಿದೆ. ಇವರು ಲಂಗವನ್ನು ಎರಡೂ ಕೈಯಲ್ಲಿ ಹಿಡಿದು, ಮೋಟಾರಿನ ಎಣ್ಣೆ ತಾಗೀತು ಎಂದು ಮತ್ತೆ ಮೇಜಿನ ಮೇಲಿಟ್ಟು, ಕೈ ತೊಳೆದುಕೊಂಡು ಬಂದು ಮತ್ತೆ ಹಿಡಿದರು. “ಇಷ್ಟುದ್ದ ಆಗಿದಾಳಾ?” ಎಂದು ಕೇಳಿದರು. ಹೌದೆಂದೆ.

ಲಂಗ ಹೋಯಿತು, ತಲುಪಿತು. ಒಂದು ಫೋಟೊ ಬಂತು. ಹುಡುಗಿ ಎರಡು ಕೈಯನ್ನೂ ಎರಡು ಜೇಬಿನಲ್ಲಿಟ್ಟುಕೊಂಡು ನಿಂತಿದ್ದಳು. ಉದ್ದ ಸರಿಯಾಗಿತ್ತು, ಸೊಂಟ ಸರಿಯಾಗಿತ್ತು. ಭಾನುವಾರ, “ಥ್ಯಾಂಕ್ಯೂ ಆಂಟಿ, ಪಾಕೆಟ್ ಚೆನ್ನಾಗಿದೆ” ಎಂದಳು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಸೂರು ಬಂತು, ಬಲ್ಬು ಬಂತು, ಬಿರುಕೂ ಬಂತು.

ಹೀಗೇ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೋಯಿತು. ಒಂದು ಭಾನುವಾರ ನಾನು ಅಂಗಡಿಯಲ್ಲಿದ್ದೆ, ಮದುವೆಯ ಬ್ಲೌಸುಗಳ ರಾಶಿ ಬಿದ್ದಿತ್ತು. ಇವರು ಫೋನು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ಮುಖ ಸಪ್ಪಗಿತ್ತು. ಫೋನನ್ನು ಎದೆಗೆ ಒತ್ತಿ ಹಿಡಿದು ಮೆಲ್ಲಗೆ, “ಲಂಗ ಗಿಡ್ಡ ಆಯ್ತಂತೆ. ಯಾರಿಗಾದ್ರೂ ಕೊಟ್ಬಿಡ್ಲಾ ಅಂತ ಅವಳಮ್ಮ ಕೇಳ್ತಿದಾರೆ. ನಿಂಗೆ ಬೇಜಾರಾಗುತ್ತೇನೋ ಅಂತ…” ಎಂದರು.

“ಗಿಡ್ಡ ಆದ್ರೆ ಕೊಡೋದು ಎಂತಕ್ಕೆ? ಮಡಿಕೆ ಬಿಚ್ಚೋಕೆ ಏನು ಧಾಡಿ?” ಎಂದು ನಾನು ಕೂಗಿದ್ದು ಎದುರಿನ ಹೋಟೆಲಿನವರಿಗೂ ಕೇಳಿಸಿತು.

“ಯಾವ ಮಡಿಕೆ?” ಎಂದರು ಇವರು.

ಆಗ ನನಗೆ ತಿಳಿಯಿತು. ಲಂಗದಲ್ಲಿ ಮಡಿಕೆ ಇದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಯಾಕೆ ಹೇಳಬೇಕು? ಹೊಸನಗರದಲ್ಲಿ ಯಾವ ತಾಯಿಗೂ ಇದನ್ನು ಹೇಳಬೇಕಾಗಿಲ್ಲ, ಲಂಗ ಕೈಗೆ ಬಂದ ಕೂಡಲೇ ತಿರುಗಿಸಿ ಎಷ್ಟು ಬಿಟ್ಟಿದ್ದೀಯ ಎಂದು ನನ್ನನ್ನೇ ದಬಾಯಿಸುತ್ತಾರೆ. ಅಲ್ಲಿ ಬಟ್ಟೆ ಕೊಳ್ಳುತ್ತಾರೆ, ಹಾಕುತ್ತಾರೆ, ಗಿಡ್ಡವಾದರೆ ಕೊಟ್ಟುಬಿಡುತ್ತಾರೆ. ಉಡುಗೊರೆಯ ಬಟ್ಟೆಯಲ್ಲಿ ಮಡಿಕೆ ಇರುತ್ತದೆಂದು ಎಣಿಸದೆ, ಲಂಗ ಗಾಳಿಗೆ ಹಾರದಿರಲೆಂದು ಅಂಚನ್ನು ಹಾಗೆ ದಪ್ಪಗೆ ಹೊಲಿದಿದ್ದೇನೆಂದು ಅವಳ ಅಮ್ಮ ತಿಳಿದುಕೊಂಡಿದ್ದರಂತೆ. ನನ್ನ ಕೈಚಳಕವೇ ನನಗೆ ಮುಳುವಾಗಿತ್ತು.

“ಕೊಡಿ ಇಲ್ಲಿ ಫೋನು” ಎಂದು ಕಸಿದುಕೊಂಡೆ. ಪರದೆಯ ಮೇಲೆ ಹುಡುಗಿ ಇದ್ದಳು. ನನ್ನನ್ನು ನೋಡಿ ನಮಸ್ತೆ ಎನ್ನಲು ಬಾಯಿ ತೆರೆದಳು. ಸೂರು ತೋರಿಸಲು ನಾನು ಅವಕಾಶ ಕೊಡಲಿಲ್ಲ. “ನಮಸ್ತೆ ಆಮೇಲೆ. ಲಂಗ ತಗೊಂಡು ಬಾ. ಚಿಕ್ಕ ಕತ್ತರಿ ಇದ್ರೆ ಅದನ್ನೂ ತಾ” ಎಂದೆ.

ಅಂಗಡಿಗೆ ಬರುವ ಹುಡುಗಿಯರನ್ನು ಗದರಿಸುವ ದನಿಯೇ ಅದು. ಬೇರೆ ದನಿ ನನಗೆ ಬರುವುದೂ ಇಲ್ಲ. ಅವಳು ಒಂದು ಕ್ಷಣ ಕಣ್ಣು ಬಿಟ್ಟು ನೋಡಿ, ಎದ್ದು ಓಡಿದಳು. ಲಂಗ ತಂದಳು, ಉಗುರು ಕತ್ತರಿಸುವ ಸಣ್ಣ ಕತ್ತರಿ ತಂದಳು. ಫೋನನ್ನು ಯಾವುದಕ್ಕೋ ಒರಗಿಸಿ ಇಟ್ಟಳು.

“ತಿರುಗ್ಸು. ಒಳಮಗ್ಗುಲು ಮೇಲೆ ಬರ್ಲಿ. ಅಂಚು ದಪ್ಪ ಇದೆಯಲ್ಲ, ಅದರ ಮೇಲೆ ಕೈ ಆಡ್ಸು. ಹೊಲಿಗೆ ಸಿಕ್ತಾ?”

“ಎರಡು ಲೈನ್ ಇದೆ.”

“ಕೆಳಗಿಂದು ಮುಟ್ಬೇಡ, ಅದು ಇನ್ನೊಂದು ಮಡಿಕೇದು. ಮೇಲಿನ ಸಾಲಲ್ಲಿ ಒಂದು ಹೊಲಿಗೆ ಕತ್ತರ್ಸು. ಬಟ್ಟೆ ಕತ್ತರ್ಸಿದ್ರೆ ಜಾಗ್ರತೆ! ನೂಲು ಮಾತ್ರ. ಹಾಂ. ಈಗ ಒಂದು ಗೇಣು ಬಿಟ್ಟು ಇನ್ನೊಂದು.”

“ಗೇಣು ಅಂದ್ರೆ?”

ನಾನು ಹೆಬ್ಬೆರಳು, ಕಿರುಬೆರಳು ಅಗಲಿಸಿ ತೋರಿಸಿದೆ. ಅವಳೂ ಅಗಲಿಸಿದಳು. ಅವಳ ಗೇಣು ಚಿಕ್ಕದು, ಬೆರಳುಗಳ ಮೇಲೆ ಬಣ್ಣದ ಪೆನ್ನಿನ ಕಲೆ. “ಈಗ ನೂಲಿನ ತುದಿ ಹಿಡ್ದು ಎಳಿ. ಮೆಲ್ಲಗೆ” ಎಂದೆ. ಅವಳು ಎಳೆದಳು. ನೂಲು ಸರ್ರನೆ ಉದ್ದಕ್ಕೂ ಕಿತ್ತು ಬಂತು.

“ಓ! ಬರ್ತಾ ಇದೆ! ಅಮ್ಮಾ, ನೋಡು ಬಾ, ಬರ್ತಾ ಇದೆ!” ಎಂದು ಕಿರುಚಿದಳು. ಅವಳು ನಗುವುದನ್ನು ಅವತ್ತೇ ನಾನು ಮೊದಲು ಕೇಳಿದ್ದು. ಆ ನಗು ಥೇಟು ಇವರದೇ, ಕೊನೆಯಲ್ಲಿ ಗಂಟಲು ಸ್ವಲ್ಪ ಕೀರಲಾಗುತ್ತದೆ.

ಸುತ್ತಲೂ ಬಿಚ್ಚಿ ಮುಗಿಸುವವರೆಗೆ ಅವಳು ತಲೆ ಎತ್ತಲಿಲ್ಲ. ಆಮೇಲೆ ಲಂಗ ಕೊಡವಿ ಎತ್ತಿ ಹಿಡಿದಳು. ಒಳಗಿದ್ದ ಬಟ್ಟೆ ಕೆಳಗಿಳಿದಿತ್ತು. ಬಿಸಿಲಿಗೆ ಒಗೆತಕ್ಕೆ ಮಾಸಿದ ಲಂಗದ ನಡುವೆ ಅಷ್ಟಗಲ ಮಾತ್ರ ಹೊಸ ಕೆಮ್ಮಣ್ಣಿನ ಬಣ್ಣ. ಸೊಂಟಕ್ಕೆ ಹಿಡಿದು ನೋಡಿಕೊಂಡಳು. ಮತ್ತೆ ಮೊಣಕಾಲಿನ ಕೆಳಗೆ ಬರುತ್ತಿತ್ತು.

“ಇದು ಮೊದ್ಲಿಂದ ಒಳಗೇ ಇತ್ತಾ?”

“ಇತ್ತು.”

“ನಾನು ಉದ್ದ ಆಗ್ತೀನಿ ಅಂತ ನಿಮ್ಗೆ ಹೆಂಗೆ ಗೊತ್ತಿತ್ತು?”

“ಆಗ್ದೆ ಏನ್ಮಾಡ್ತೀಯ? ಮಕ್ಕಳಾದ್ಮೇಲೆ ಉದ್ದ ಆಗ್ಲೇಬೇಕು. ಅದಕ್ಕೇ ಇನ್ನೊಂದು ಬಿಟ್ಟಿದೀನಿ. ಮುಂದಿನ ವರ್ಷಕ್ಕೆ.”

ಅವಳು ಅಂಚನ್ನು ಒಮ್ಮೆ ಸವರಿದಳು. ಆಮೇಲೆ, “ನಿಮ್ಮ ಡ್ರೆಸ್ಸಲ್ಲೂ ಹಿಂಗೆ ಇರುತ್ತಾ?” ಎಂದು ಕೇಳಿದಳು. ನಾನು ಮೇಜಿನ ಮೇಲಿದ್ದ ಒಂದು ಬ್ಲೌಸನ್ನು ತಿರುಗಿಸಿ, ಪಕ್ಕದ ಹೊಲಿಗೆಯ ಒಳಗೆ ಹೆಚ್ಚಿಗೆ ಬಿಟ್ಟ ಬಟ್ಟೆಯನ್ನು ತೋರಿಸಿದೆ. “ದೊಡ್ಡೋರು ಉದ್ದ ಆಗಲ್ಲ ಮಾರಾಯ್ತಿ. ನನ್ ನೋಡು, ನಾನು ಬೆಳೆಯೋದು ಅಡ್ಡಕ್ಕೆ ಮಾತ್ರ. ಅದಕ್ಕೆ ನಮ್ಗೆ ಪಕ್ಕದಲ್ಲಿ ಬಿಡ್ತೀವಿ” ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ಅವಳ ಹಿಂದೆ ಎಲ್ಲೋ ಅವಳ ಅಮ್ಮನೂ ನಕ್ಕದ್ದು ಕೇಳಿಸಿತು.

ಅವತ್ತು ಫೋನು ಇವರ ಕೈಗೆ ವಾಪಸು ಹೋಗುವ ಹೊತ್ತಿಗೆ ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಇವರು ಬಾಗಿಲಲ್ಲೇ ನಿಂತಿದ್ದರು. ಬೇಜಾರಾಯಿತೇ ಎಂದು ಕೇಳಿದೆ. “ಎಂಥಾ ಬೇಜಾರು?” ಎಂದು ಎದುರಿನ ಹೋಟೆಲಿಗೆ ಹೋಗಿ ಗೋಳಿಬಜೆ ಕಟ್ಟಿಸಿಕೊಂಡು ಬಂದರು. ಮಧ್ಯಾಹ್ನದ ಊಟ ಬೇಡವಾಗುವಷ್ಟು ತಂದಿದ್ದರು.

ಅಲ್ಲಿಂದ ನಮ್ಮ ಭಾನುವಾರ ಉದ್ದವಾಯಿತು. ಮೊದಲು ಅಪ್ಪನ ಜೊತೆ ಮಾತು, ಆಮೇಲೆ, “ಟೇಲರ್ ಆಂಟಿ ಇದಾರಾ?” ಶಾಲೆಯಲ್ಲಿ ಅವರಿಗೆ ಹೊಲಿಗೆಯನ್ನೂ ಕಲಿಸುತ್ತಾರಂತೆ, ಗಂಡು ಹುಡುಗರಿಗೂ ಸೇರಿ. ನೂಲು ಯಾಕೆ ಗಂಟಾಗುತ್ತದೆ, ಗೆರೆ ಯಾಕೆ ಸೊಟ್ಟ ಹೋಗುತ್ತದೆ ಎಂದು ನನ್ನನ್ನು ಕೇಳುತ್ತಿದ್ದಳು. ಬಟ್ಟೆಯನ್ನು ತಳ್ಳಬೇಡ, ಅದರ ಪಾಡಿಗೆ ಹೋಗಲು ಬಿಡು ಎಂದು ನಾನು ಗದರುತ್ತಿದ್ದೆ. ಅತ್ತಿಗೆ ಮೇಳಿಗೆಯಿಂದ ಬಂದಾಗ ವಾಡಿಕೆಯಂತೆ, “ಈಗ ಎಷ್ಟುದ್ದ ಆಗಿದೆ ಹುಡುಗಿ?” ಎಂದು ತಮ್ಮನನ್ನು ಕೇಳಿದರು. ಇವರ ಕೈ ಎದ್ದಿತು, ಜೇಬಿನ ಹತ್ತಿರ ಬಂತು, ಜೇಬು ದಾಟಿತು. ಅಲ್ಲಿ ತಡೆದು ನನ್ನ ಮುಖ ನೋಡಿದರು. “ಇನ್ನೊಂದು ಸ್ವಲ್ಪ” ಎಂದೆ. ಭುಜದ ಹತ್ತಿರಕ್ಕೆ ಒಯ್ದರು. ಅತ್ತಿಗೆ ಬಾಯಿ ಮೇಲೆ ಕೈಯಿಟ್ಟುಕೊಂಡರು.

ಎರಡನೇ ಮಡಿಕೆಯನ್ನು ಅವಳು ಯಾರ ಸಹಾಯವೂ ಇಲ್ಲದೆ ಬಿಚ್ಚಿ, ಬಿಚ್ಚಿದ ಮೇಲೆ ತೋರಿಸಿದಳು. ನನಗೆ ಖುಷಿಯಾಯಿತು, ಜೊತೆಗೆ ಅಳುಕೂ ಆಯಿತು. ಬಿಟ್ಟ ಮಡಿಕೆ ಮುಗಿದಿತ್ತಲ್ಲ. ಹನ್ನೊಂದರ ಹುಡುಗಿ ಇನ್ನು ಲಂಗ ಹಾಕುತ್ತಾಳೋ ಇಲ್ಲವೋ, ನನ್ನ ಹತ್ತಿರ ಕೇಳಲು ಇನ್ನು ಏನಿರುತ್ತದೆ ಎಂದು ಎರಡು ಮೂರು ದಿನ ಮಂಕಾಗಿದ್ದೆ.

ಕಳೆದ ತಿಂಗಳು ಅಂಗಡಿಯ ವಿಳಾಸಕ್ಕೆ ನ್ಯೂಜಿಲೆಂಡಿನಿಂದ ಒಂದು ಪಾರ್ಸೆಲ್ ಬಂತು. ಇವರು ಮಂಡಗದ್ದೆ ಕಡೆ ಯಾರದೋ ಬಾವಿಯ ಮೋಟಾರು ಎತ್ತಲು ಹೋಗಿದ್ದರು. ಅವರು ಬರುವವರೆಗೆ ಕಾಯೋಣ ಎಂದುಕೊಂಡೆ, ಕಾಯಲಿಲ್ಲ. ಮೇಲೆ ನನ್ನ ಹೆಸರೇ ಇತ್ತು. ಕತ್ತರಿಸಿ ತೆರೆದರೆ ಒಂದು ಏಪ್ರನ್. ಹಸಿರು ಬಟ್ಟೆಯ ತುಂಬ ಬಿಳಿ ಕುರಿಗಳು. ಮುಂದೆ ಎರಡು ದೊಡ್ಡ ಜೇಬು, ಒಂದರ ಮೇಲೆ ಕತ್ತರಿಯ ಚಿತ್ರ, ಇನ್ನೊಂದರ ಮೇಲೆ ಟೇಪಿನ ಚಿತ್ರ. ಹೊಲಿಗೆ ಸೊಟ್ಟ. ಒಂದು ಕುರಿಯ ಕಾಲಿನ ಮೇಲೆ ನೂಲು ಗಂಟು ಬಿದ್ದಿದೆ. ನನ್ನ ಅಂಗಡಿಯಲ್ಲಿ ಕಲಿಯುವ ಹುಡುಗಿ ಹೀಗೆ ಹೊಲಿದಿದ್ದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದೆ.

ಹಾಕಿಕೊಂಡು ನೋಡಿದೆ. ಎರಡೂ ಪಕ್ಕ ಏನೋ ದಪ್ಪಗೆ ಒತ್ತುತ್ತಿತ್ತು. ತೆಗೆದು ತಿರುಗಿಸಿದೆ. ಎಡಕ್ಕೂ ಬಲಕ್ಕೂ ಬಟ್ಟೆಯನ್ನು ಒಳಗೆ ಮಡಚಿ ಉದ್ದಕ್ಕೂ ಹೊಲಿದಿದ್ದಳು.

ಭಾನುವಾರದವರೆಗೆ ತಡೆಯುವ ತಾಳ್ಮೆ ನನಗಿರಲಿಲ್ಲ, ಅವತ್ತೇ ಫೋನು ಮಾಡಿದೆ. “ಇದೆಂತದು, ಏಪ್ರನ್ನಿಗೆ ಮಡಿಕೆ?” ಎಂದೆ.

“ನೀವೇ ಹೇಳಿದ್ರಲ್ಲ, ಅಡ್ಡಕ್ಕೆ ಬೆಳೀತೀನಿ ಅಂತ” ಎಂದಳು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ. “ಎರಡು ಬಿಟ್ಟಿದೀನಿ. ಈಗ್ಲೇ ಬಿಚ್ಬೇಡಿ. ಫಸ್ಟ್ ಒಂದು, ಆಮೇಲೆ ಇನ್ನೊಂದು.”

ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ. ಅಳತೆ ಕೊಡಲು ಬಂದಿದ್ದ ಇಬ್ಬರು ಹೆಂಗಸರು ಏನಾಯಿತು ಏನಾಯಿತು ಎಂದು ಎದ್ದು ನಿಂತರು. ಇನ್ನು ಮಾತಾಡಿದರೆ ಕೆಡುತ್ತದೆ ಎಂದು, ಫೋನನ್ನು ಮೇಲಕ್ಕೆ ತಿರುಗಿಸಿ ಅವಳಿಗೆ ನಮ್ಮ ಅಂಗಡಿಯ ಸೂರು ತೋರಿಸಿದೆ.

ಸಂಜೆ ಅವ್ವನಿಗೆ ಫೋನು ಮಾಡಿ, ಹುಡುಗಿ ನನಗೆ ಏಪ್ರನ್ ಹೊಲಿದು ಕಳಿಸಿದ್ದಾಳೆ ಎಂದೆ. ಕುರಿಗಳನ್ನೂ ಜೇಬುಗಳನ್ನೂ ವರ್ಣಿಸಿದೆ. ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು.

“ಮಡಿಕೆ ಬಿಟ್ಟೈತಾ?” ಎಂದು ಕೇಳಿದಳು.

“ಎರಡು.”

“ಹಂಗಾದ್ರೆ ಸರಿ” ಎಂದು ಫೋನು ಇಟ್ಟಳು.